ಹೊರೆಗಲ್ಲು ಕಿತ್ತು ಕಟ್ಟಿದ ಕಾಂಪ್ಲೆಕ್ಸ್

ನಾನು ಕೆಲಸ ಮಾಡಿದ ಕಚೇರಿಗೆ ಹೊಸದಾಗಿ ಸೇರಿದ ಇಂಜಿನಿಯರ್ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. ಅವಳ ಕೈಗೆ ಒಂದು ಖಾಲಿ ಬಿದ್ದ ಮಾಲ್ ಬಂದಿದೆಯಂತೆ. ಗಾಜು ಇದೆ, ಎಸ್ಕಲೇಟರ್ ಇದೆ, ಜನ ಮಾತ್ರ ಇಲ್ಲ. ಅದನ್ನು ಸುತ್ತಲಿನ ಬಡಾವಣೆಯವರಿಗೆ ಉಪಯೋಗವಾಗುವ ಹಾಗೆ ಬದಲಾಯಿಸಿ ಎಂದು ಮೇಲಿನಿಂದ ಆದೇಶ. "ನೀವು ಹಿಂದೆ ಇಂಥದ್ದೇ ಒಂದು ಮಾಡಿದ್ರಂತೆ ಸರ್. ಹೇಗೆ ಮಾಡಿದ್ರಿ?" ಎಂದು ಕೇಳಿದಳು. "ಮಾಡೋದಕ್ಕೆ ಮೊದಲು ಕೆಡಿಸಿದ್ದೂ ನಾನೇ" ಎಂದೆ. ಅವಳು ನಕ್ಕಳು. ನಾನು ನಗಿಸಲು ಹೇಳಿರಲಿಲ್ಲ. ಕಾಫಿ ಮುಗಿಯುವುದರೊಳಗೆ ಹೇಳಿ ಮುಗಿಸುವ ಕಥೆಯೂ ಅದಲ್ಲ. ಅದಕ್ಕೇ ಬರೆದುಕೊಡುತ್ತೇನೆ ಎಂದು ಅವಳನ್ನು ಕಳಿಸಿದೆ.

ನನ್ನ ಹೆಸರು ಈರಣ್ಣ ಅಂಗಡಿ. ಗದಗದ ಕಡೆಯವನು. ಎಪ್ಪತ್ತರ ದಶಕದ ಆರಂಭದಲ್ಲಿ ಓವರ್‌ಸಿಯರ್ ಆಗಿ ಬೆಂಗಳೂರಿಗೆ ಬಂದೆ. ಹೊಲಗಳಿದ್ದ ಕಡೆ ಸೈಟು ಮಾಡುವುದು, ರಸ್ತೆ ಎಳೆಯುವುದು, ಚರಂಡಿ ತೋಡಿಸುವುದು ನಮ್ಮ ಕಚೇರಿಯ ಕೆಲಸ. ಆರ್.ಟಿ. ನಗರದಿಂದ ಹೆಬ್ಬಾಳದ ಕಡೆಗೆ ಹೋಗುವ ಹಾದಿಯಲ್ಲಿ ಒಂದು ಶಾಪಿಂಗ್ ಕಾಂಪ್ಲೆಕ್ಸ್ ಮಂಜೂರಾಯಿತು. ಎರಡು ಅಂತಸ್ತು, ನಡುವೆ ಅಂಗಳ, ಅಂಗಳದ ಸುತ್ತ ಅಂಗಡಿಗಳು. ಉತ್ತರ ಬೆಂಗಳೂರಿನಲ್ಲಿ ಅಂಥದ್ದು ಆಗ ಹೊಸತು. ಜಾಗವನ್ನು ಚೊಕ್ಕಟ ಮಾಡಿಸಿ ಕೆಲಸ ಶುರು ಮಾಡಿಸುವುದು ನನ್ನ ಪಾಲಿಗೆ ಬಂತು.

ಆ ಜಾಗದಲ್ಲಿ ಒಂದು ಹೊಂಗೆಮರ, ಮರದ ಪಕ್ಕದಲ್ಲಿ ಒಂದು ಹೊರೆಗಲ್ಲು ಇದ್ದವು. ಈಗಿನವರು ಹೊರೆಗಲ್ಲು ನೋಡಿರಲಿಕ್ಕಿಲ್ಲ. ಎರಡು ಕಂಬ ನೆಟ್ಟು, ಅವುಗಳ ಮೇಲೆ ಭುಜದೆತ್ತರಕ್ಕೆ ಒಂದು ಉದ್ದನೆಯ ಚಪ್ಪಡಿ ಹಾಸಿರುತ್ತಾರೆ. ತಲೆಹೊರೆ ಹೊತ್ತು ಬಂದವರು ಅದರ ಪಕ್ಕ ನಿಂತು ಹೊರೆಯನ್ನು ಚಪ್ಪಡಿಯ ಮೇಲಕ್ಕೆ ಜಾರಿಸಿ ದಣಿವಾರಿಸಿಕೊಳ್ಳುತ್ತಾರೆ. ಹತ್ತಿರದ ಹಳ್ಳಿಗಳಾದ ಸಿಂಗಾಪುರ, ಕೊಡಿಗೇಹಳ್ಳಿ ಕಡೆಯ ಹೆಂಗಸರು ಸೊಪ್ಪು ತರಕಾರಿ ಹೊತ್ತು ಅಲ್ಲಿಗೆ ಬರುತ್ತಿದ್ದರು. ಇಳಿಸಿದ ಮೇಲೆ ಅಲ್ಲೇ ಕೂತು ವ್ಯಾಪಾರ ಮಾಡುತ್ತಿದ್ದರು. ಹೊಸ ಬಡಾವಣೆಯ ಮನೆಯವರು ಚೀಲ ಹಿಡಿದು ಅಲ್ಲಿಗೇ ಬರುತ್ತಿದ್ದರು. ಅದೇ ಒಂದು ಸಂತೆ ಎಂದು ನನಗೆ ಹೊಳೆಯಲೇ ಇಲ್ಲ. ನನ್ನ ನಕ್ಷೆಯಲ್ಲಿ ಅದು "ತೆರವುಗೊಳಿಸಬೇಕಾದ ಅಡೆತಡೆ" ಎಂದಿತ್ತು.

ಕಲ್ಲು ಕೀಳಿಸುವ ದಿನ ಸಿಂಗಾಪುರದ ಪಿಳ್ಳಮ್ಮ ಎಂಬ ಹೆಂಗಸು ಅಡ್ಡ ಬಂದಳು. ಸೊಪ್ಪು ಮಾರುವವಳು, ನಲವತ್ತರ ಆಸುಪಾಸು, ಗಟ್ಟಿ ಗಂಟಲು.

"ಇದುನ್ ಯಾಕ್ ಕೀಳ್ತೀರಾ ಸಾಮಿ? ನಾವು ಒರೆ ಎಲ್ ಇಳುಸಾನ?"

"ಇಲ್ಲಿ ಛಲೋ ಅಂಗಡಿ ಕಟ್ಟತೀವಿ ಯವ್ವಾ. ಒಳಗ ಅಂಗಳ ಇರ್ತೈತಿ, ನೆರಳಾಗ ಕುಂತು ಮಾರೀರಂತ" ಎಂದೆ.

"ಕುಂತ್ಕಳಾದು ಆಮ್ಯಾಕೆ ಸಾಮಿ. ಇಳುಸಾದು ಎಂಗೆ?"

ಅದೂ ಒಂದು ಪ್ರಶ್ನೆಯೇ ಎಂದುಕೊಂಡೆ. ಆಳುಗಳಿಗೆ ಹಾರೆ ಹಾಕಿ ಎಂದೆ. ಕಂಬಗಳನ್ನು ಒಡೆದು ತಳಪಾಯಕ್ಕೆ ಹಾಕಿಸಿದೆ. ಚಪ್ಪಡಿ ಮಾತ್ರ ಏಳಡಿ ಉದ್ದದ ಒಳ್ಳೆಯ ಕಲ್ಲು, ಒಡೆಯಲು ಮನಸ್ಸು ಬಾರದೆ ಪಕ್ಕಕ್ಕೆ ಇಡಿಸಿದೆ.

ಆ ಚಪ್ಪಡಿ ಏನಾಯಿತೆಂದು ಹೇಳಿಬಿಡುತ್ತೇನೆ. ಕಟ್ಟಡ ಮುಗಿದು ಮಂತ್ರಿಗಳಿಂದ ಉದ್ಘಾಟನೆಗೆ ದಿನ ನಿಗದಿಯಾಯಿತು. ಹೆಸರು ಕೆತ್ತುವ ಫಲಕದ ಕಲ್ಲು ಕೊಡುತ್ತೇನೆಂದಿದ್ದ ಕಂಟ್ರಾಕ್ಟರ್ ಕೊನೇ ವಾರದಲ್ಲಿ ಕೈಯೆತ್ತಿದ. ನಮ್ಮ ಮೇಲಧಿಕಾರಿ ಕೇಶವಮೂರ್ತಿಯವರು ನಶ್ಯದ ಡಬ್ಬಿ ತೆಗೆದು ಮುಚ್ಚಿ ತೆಗೆದು ಮುಚ್ಚಿ ಮಾಡುತ್ತಿದ್ದರು. ನಾನು ಮುಂದೆ ಬಂದು, "ಕಲ್ಲು ನಮ್ಮ ಹತ್ರನೇ ಐತ್ರಿ ಸರ್" ಎಂದೆ. ಭೇಷ್ ಎನ್ನಿಸಿಕೊಂಡೆ. ಹೊರೆಗಲ್ಲಿನ ಚಪ್ಪಡಿಯ ಎರಡೂ ಮೈ ನಯ ಮಾಡಿಸಿ ಮಂತ್ರಿಗಳ ಹೆಸರು, ದೊಡ್ಡ ಅಧಿಕಾರಿಗಳ ಹೆಸರು, ಕೇಶವಮೂರ್ತಿಯವರ ಹೆಸರು ಎಲ್ಲ ಕೆತ್ತಿಸಿದೆ. ಕೆಳಗಡೆ ಬೆರಳಗಲ ಜಾಗ ಉಳಿಯಿತು. ಓವರ್‌ಸಿಯರ್ ಹೆಸರನ್ನು ಯಾರೂ ಫಲಕದಲ್ಲಿ ಹಾಕುವುದಿಲ್ಲ. ನಾನು ಕಲ್ಲುಕುಟಿಗನಿಗೆ ಚಹಾ ಕುಡಿಸಿ ನನ್ನದನ್ನೂ ಸಣ್ಣದಾಗಿ ಕೆತ್ತಿಸಿಕೊಂಡೆ. ಫಲಕ ರಸ್ತೆಯ ಕಡೆಯ ಗೋಡೆಯಲ್ಲಿ ಕೂತಿತು. ನಮ್ಮಪ್ಪ ಊರಿನಿಂದ ಬಂದಾಗ ಅದರ ಮುಂದೆ ನಿಲ್ಲಿಸಿ ತೋರಿಸಿದೆ. ಅವರು ಬೆರಳಿನಿಂದ ಅಕ್ಷರ ಮುಟ್ಟಿ ಮುಟ್ಟಿ ಓದಿದರು. ಆಗ ನನಗಾದ ಹೆಮ್ಮೆಯನ್ನು ಈಗಲೂ ಅಲ್ಲಗಳೆಯಲಾರೆ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂಬ ಧೈರ್ಯದಲ್ಲಿ ನಾವೆಲ್ಲ ಇದ್ದೆವು. ಜನ ಬರಲಿಲ್ಲ. ಹೆಬ್ಬಾಳದ ಕೆರೆಯ ನೀರು ಮಳೆಗಾಲದಲ್ಲಿ ನುಗ್ಗೀತೆಂಬ ಭಯದಲ್ಲಿ ಕಟ್ಟಡವನ್ನು ಎತ್ತರಿಸಿದ್ದೆವು. ಗೇಟಿನಿಂದ ಆರು ಮೆಟ್ಟಿಲು ಹತ್ತಬೇಕು. ಅಂಗಡಿಗಳ ಮುಖವೆಲ್ಲ ಒಳಗಿನ ಅಂಗಳಕ್ಕೆ. ರಸ್ತೆಯಲ್ಲಿ ಹೋಗುವವರಿಗೆ ಕಾಣುವುದು ಅಂಗಡಿಗಳ ಬೆನ್ನು ಮತ್ತು ನಮ್ಮ ಹೆಸರುಗಳು. ಮೊದಲು ಪಾತ್ರೆ ಅಂಗಡಿ ಹೋಯಿತು, ಆಮೇಲೆ ಬಟ್ಟೆಯದು, ಆಮೇಲೆ ದಿನಸಿಯದು. ಮೇಲಿನ ಅಂತಸ್ತಿನಲ್ಲಿ ಪಾರಿವಾಳಗಳು ಸಂಸಾರ ಹೂಡಿದವು. ಇಸ್ಪೀಟು ಆಡುವವರಿಗೆ ಅಂಗಳ ಸಿಕ್ಕಿತು.

ಅಷ್ಟರಲ್ಲಿ ನನಗೆ ಯಶವಂತಪುರಕ್ಕೆ ವರ್ಗವಾಯಿತು. ಅಲ್ಲಿ ಒಂದು ಗೋದಾಮಿನ ಜಗಲಿ ದುರಸ್ತಿ ಮಾಡಿಸುತ್ತಿದ್ದೆ. ಜಗಲಿಯನ್ನು ಅರ್ಧ ಅಡಿ ತಗ್ಗಿಸಿದರೆ ಕಲ್ಲು ಉಳಿಯುತ್ತದೆಂದು ಲೆಕ್ಕ ಹಾಕಿ ತಗ್ಗಿಸಿಬಿಟ್ಟೆ. ಮಾರನೇ ದಿನ ಮೂಟೆ ಹೊರುವ ಹಮಾಲಿಗಳೆಲ್ಲ ಕೆಲಸ ನಿಲ್ಲಿಸಿ ಕೂತರು. ಅವರ ಮೇಸ್ತ್ರಿ ನನ್ನನ್ನು ಲಾರಿಯ ಹತ್ತಿರ ಕರೆದುಕೊಂಡು ಹೋಗಿ, "ನೋಡು ಗುರು, ಲಾರಿ ಹಲಗೆ ಎಷ್ಟೆತ್ತರ ಇದೆ, ಜಗಲಿನೂ ಅಷ್ಟೇ ಎತ್ತರ ಇರ್ಬೇಕು. ನೀನು ಅರ್ಧ ಅಡಿ ಉಳಿಸ್ದೆ. ಆ ಅರ್ಧ ಅಡಿ ನಮ್ಮ ಸೊಂಟದ ಮೇಲೆ ಬಿತ್ತು" ಎಂದ. ನಾನು ಜಗಲಿಯನ್ನು ಮತ್ತೆ ಎತ್ತರಿಸಿಕೊಟ್ಟೆ, ಬೈಸಿಕೊಂಡೆ. ಆದರೆ ಆ ಮಾತು ಪಿಳ್ಳಮ್ಮನ ಪ್ರಶ್ನೆಯ ಉತ್ತರ ಎಂದು ಆಗಲೂ ಹೊಳೆಯಲಿಲ್ಲ. ನನ್ನ ತಲೆ ಸ್ವಲ್ಪ ನಿಧಾನ.

ಎಂಬತ್ತರ ದಶಕ ಕಾಲಿಟ್ಟ ಮೇಲೆ ನನ್ನನ್ನು ಮತ್ತೆ ಹೆಬ್ಬಾಳದ ಕಡೆಗೆ ಹಾಕಿದರು. ಕೇಶವಮೂರ್ತಿಯವರು ಅಷ್ಟರಲ್ಲಿ ಎಕ್ಸಿಕ್ಯೂಟಿವ್ ಇಂಜಿನಿಯರ್. ಮೊದಲ ದಿನವೇ ಒಂದು ಫೈಲನ್ನು ನನ್ನ ಮುಂದೆ ತಳ್ಳಿದರು. ಮಾಡಿದ್ದುಣ್ಣೋ ಮಹರಾಯ ಅನ್ನುವ ಹಾಗೆ ಅದೇ ಕಾಂಪ್ಲೆಕ್ಸ್.

"ಕಟ್ಟಡ ನಿರುಪಯುಕ್ತ ಅಂತ ಒಂದು ವರದಿ ಬರೆದುಕೊಡಿ. ಜಾಗ ಹರಾಜು ಹಾಕ್ತಾರೆ. ಯಾರೋ ಕಲ್ಯಾಣ ಮಂಟಪ ಕಟ್ಕೋತಾರಂತೆ."

"ಒಳಗ ಇರೋರು, ಸರ್?"

"ಮೂರೋ ನಾಲ್ಕೋ ಅಂಗಡಿ. ನೋಟಿಸ್ ಕೊಡೋದು."

ವರದಿ ಬರೆಯುವ ಮೊದಲು ನೋಡಿ ಬರೋಣವೆಂದು ಹೋದೆ. ಉಳಿದವರಲ್ಲಿ ಟೈಲರ್ ಬಷೀರ್ ಒಬ್ಬರು. ಉದ್ಘಾಟನೆಯ ದಿನದಿಂದ ಅಲ್ಲೇ ಇದ್ದವರು. ಅಂಗಡಿ ಹೋದರೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ. "ಎಲ್ಲಿಗೂ ಇಲ್ಲ ಸಾರ್. ನಾನ್ ಇಲ್ಲಿರೋದು ಹತ್ತು ಮನೆಯವ್ರಿಗೆ ಗೊತ್ತಿದೆ. ಬೇರೆ ಕಡೆ ಹೋದ್ರೆ ಅದೂ ಇಲ್ಲ" ಎಂದರು. ಹೊರಗೆ ಬಂದು ನೋಡಿದರೆ ಇನ್ನೂರು ಹೆಜ್ಜೆ ಆಚೆ, ಬಸ್ ಸ್ಟಾಪಿನ ಹತ್ತಿರದ ಮೋರಿಯ ಬಳಿ ಜನವೋ ಜನ. ಸೊಪ್ಪಿನ ಹೆಂಗಸರೆಲ್ಲ ಅಲ್ಲಿ ಕೂತಿದ್ದರು. ಪಿಳ್ಳಮ್ಮನ ತಲೆಯಲ್ಲಿ ಬೆಳ್ಳಿಕೂದಲು ಬಂದಿತ್ತು, ಗಂಟಲು ಹಾಗೇ ಇತ್ತು. ರಸ್ತೆ ಅಗಲ ಮಾಡುತ್ತಾರೆಂದು ಪೊಲೀಸರು ದಿನವೂ ಅವರನ್ನು ಎಬ್ಬಿಸುತ್ತಿದ್ದರು. ಇತ್ತ ಅಂಗಡಿ ಇದ್ದು ಜನ ಇಲ್ಲ, ಅತ್ತ ಜನ ಇದ್ದು ಜಾಗ ಇಲ್ಲ. ನನಗೆ ಸಿಟ್ಟು ಬಂತು, ಹೆಚ್ಚಾಗಿ ನನ್ನ ಮೇಲೇ.

"ವರದಿ ಬರೆಯೂದಿಲ್ರಿ ಸರ್. ಆರು ತಿಂಗಳು ಕೊಡ್ರಿ, ತುಂಬಿಸಿ ತೋರಸ್ತೀನಿ" ಎಂದೆ.

ಕೇಶವಮೂರ್ತಿಯವರು ನಶ್ಯ ಏರಿಸಿ ನನ್ನನ್ನೇ ನೋಡಿದರು. "ಅಂಗಡಿ ಅಂತ ಹೆಸರಿಟ್ಕೊಂಡು ಇಷ್ಟು ವರ್ಷ ಒಂದ್ ಅಂಗಡಿ ತುಂಬಿಸೋಕೆ ಆಗ್ಲಿಲ್ಲ ನಿಮಗೆ. ಮೂರು ತಿಂಗಳು. ದುರಸ್ತಿಗೆ ಅಂತ ಇರೋ ದುಡ್ಡಲ್ಲೇ ಮಾಡ್ಬೇಕು. ಆಗ್ಲಿಲ್ಲ ಅಂದ್ರೆ ವರದಿಗೆ ನೀವೇ ಸಹಿ ಹಾಕ್ಬೇಕು."

ಮೊದಲ ತಿಂಗಳು ನಾನು ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಸುಣ್ಣ ಹೊಡೆಸಿದೆ, ಟ್ಯೂಬ್‌ಲೈಟ್ ಹಾಕಿಸಿದೆ, ದೊಡ್ಡ ಬೋರ್ಡ್ ಬರೆಸಿದೆ. ಪಾರಿವಾಳಗಳಿಗೆ ಬೆಳಕಾಯಿತು. ಆಮೇಲೆ ಹೆಂಗಸರನ್ನು ಒಳಗೆ ತರಬೇಕೆಂದು ಅಂಗಳದಲ್ಲಿ ಚೌಕ ಎಳೆಸಿ ನಂಬರ್ ಹಾಕಿಸಿ, ಪೊಲೀಸರಿಗೆ ಹೇಳಿ ಅವರನ್ನು ಅಲ್ಲಿಗೆ ಕಳಿಸಿದೆ. ಇದು ನನ್ನ ವೃತ್ತಿಜೀವನದಲ್ಲಿ ನಾಚಿಕೆಪಟ್ಟುಕೊಳ್ಳುವ ಕೆಲಸ. ಎರಡು ದಿನ ಬಂದರು, ಮೂರನೇ ದಿನ ಮೋರಿಗೆ ವಾಪಸ್. ಪೊಲೀಸರ ಬೈಗುಳವನ್ನಾದರೂ ತಿಂದೇವು, ನಿಮ್ಮ ಅಂಗಳ ಬೇಡ ಅಂದರು.

ಎಳೆಯರಿಗೆ ಒಂದು ಮಾತು ಹೇಳುತ್ತೇನೆ. ಜನ ನೀವು ಕಟ್ಟಿದ್ದನ್ನು ಬಿಟ್ಟು ಬೇರೆ ಕಡೆ ಹೋದರೆ, ಬಿಟ್ಟು ಹೋದ ಜಾಗವನ್ನು ಅಳೆಯುತ್ತ ಕೂರಬೇಡಿ, ಹೋದ ಜಾಗಕ್ಕೆ ಹೋಗಿ ನಿಲ್ಲಿ. ನಾನು ಮೂರು ಬೆಳಗ್ಗೆ ಮೋರಿಯ ಹತ್ತಿರ ಹೋಗಿ ನಿಂತೆ. ಮೊದಲ ದಿನ ಏನೂ ಕಾಣಲಿಲ್ಲ. ಎರಡನೇ ದಿನ ಪಿಳ್ಳಮ್ಮ, "ಏನ್ ಸಾಮಿ, ದಿನಾ ಬಂದು ಕಂಬದಂಗೆ ನಿಂತ್ಕತೀರ? ಒರ್‍ತೀರಾ ಒಂದ್ ಬುಟ್ಟಿ?" ಎಂದು ರೇಗಿಸಿದಳು. ಹೆಂಗಸರೆಲ್ಲ ನಕ್ಕರು. ನನಗೂ ಹಟ ಬಂತು. ಮೂರನೇ ದಿನ ಪ್ಯಾಂಟು ಮಡಿಸಿ, ಟವೆಲ್ ಸಿಂಬಿ ಮಾಡಿ ತಲೆಗಿಟ್ಟುಕೊಂಡು, "ಇಡು ಯವ್ವಾ" ಎಂದೆ.

ದಂಟಿನ ಸೊಪ್ಪು ಹಗುರ ಎಂದುಕೊಂಡವರು ನೀರು ಚಿಮುಕಿಸಿದ ಬುಟ್ಟಿಯನ್ನು ಹೊತ್ತು ನೋಡಬೇಕು. ಕುತ್ತಿಗೆ ಭುಜದೊಳಗೆ ಇಳಿಯಿತು. ನೀರು ಕಣ್ಣಿಗೆ ಸುರಿಯುತ್ತಿತ್ತು. ಹಾಗೇ ಕಾಂಪ್ಲೆಕ್ಸಿನ ಕಡೆ ನಡೆದೆ. ತಲೆ ಬಗ್ಗಿಸಿದರೆ ಬುಟ್ಟಿ ಬೀಳುತ್ತದೆ, ಬಗ್ಗಿಸದಿದ್ದರೆ ಮೆಟ್ಟಿಲು ಕಾಣುವುದಿಲ್ಲ. ಕಾಲಿನಿಂದ ತಡವಿ ತಡವಿ ಆರೂ ಮೆಟ್ಟಿಲು ಹತ್ತಿದೆ. ಅಂಗಳದ ನಡುವೆ ಹೋಗಿ ನಿಂತೆ. ಅಲ್ಲಿಗೆ ನನ್ನ ಶೌರ್ಯ ಮುಗಿಯಿತು. ಇಳಿಸುವುದು ಹೇಗೆ? ಬಗ್ಗಿದರೆ ಸೊಪ್ಪೆಲ್ಲ ನೆಲಕ್ಕೆ. ಕೈ ಚಾಚಿ ಎತ್ತಿಳಿಸಲು ಬಲ ಇಲ್ಲ. ಹಿಡಿಯಲು ಎದುರಿಗೆ ಯಾರೂ ಇಲ್ಲ. ಸರ್ಕಾರಿ ನೌಕರ, ಕೈಗೆ ವಾಚು ಕಟ್ಟಿದವನು, ನಾನೇ ಕಟ್ಟಿಸಿದ ಅಂಗಳದಲ್ಲಿ ಬುಟ್ಟಿ ಹೊತ್ತು ಮರದ ಹಾಗೆ ನಿಂತಿದ್ದೆ. ಕೊನೆಗೆ "ಬಷೀರ್ ಸಾಬ್ರ, ಲಗೂನ ಬರ್‍ರಿ!" ಎಂದು ಕೂಗಿದೆ. ಅವರು ಕತ್ತರಿ ಬಿಸಾಡಿ ಓಡಿ ಬಂದು ಇನ್ನೊಂದು ಕಡೆ ಹಿಡಿದರು.

ಹಿಂದೆಯೇ ಬಂದಿದ್ದ ಪಿಳ್ಳಮ್ಮ ಈ ಸಲ ನಗಲಿಲ್ಲ.

"ಈಗ ತಿಳೀತಾ ಸಾಮಿ? ಎತ್ತಕ್ಕೂ ಒಬ್ರು ಬೇಕು, ಇಳುಸಕ್ಕೂ ಒಬ್ರು ಬೇಕು. ಮೊದ್ಲು ಬಂದೋಳು ಯಾರ್‍ನ ಕರ್‍ಯಾದು? ಮೋರಿ ತಾವ ತಗ್ಗಲ್ಲಿ ನಿಂತ್ರೆ ಗ್ವಾಡೆ ಭುಜಕ್ಕೆ ಬತ್ತದೆ. ಅದುಕ್ಕೇ ಅಲ್ಲಿ ಕುಂತಿರಾದು. ಇಲ್ಲಿದ್ದ ಕಲ್ಲು ಇಲ್ಲೇ ಇದ್ದಿದ್ರೆ ನಾವು ಯಾಕೆ ಓಗ್ತಿದ್ವಿ?"

ಹಮಾಲಿ ಮೇಸ್ತ್ರಿಯ ಅರ್ಧ ಅಡಿ ಅವತ್ತು ನೆನಪಾಯಿತು.

ಉಳಿದ ದಿನಗಳಲ್ಲಿ ಕೆಲಸ ಹೇಗೆ ಓಡಿತೆಂದರೆ, ನಾನು ಮನೆಗೆ ಊಟಕ್ಕೂ ಸರಿಯಾಗಿ ಹೋಗಲಿಲ್ಲ. ರಸ್ತೆಯ ಕಡೆಯ ಅಂಗಡಿಗಳ ಬೆನ್ನಿನ ಗೋಡೆ ಒಡೆದು ಅವುಗಳ ಮುಖವನ್ನು ರಸ್ತೆಗೆ ತಿರುಗಿಸುವುದು. ಮುಂದೆ ಉದ್ದಕ್ಕೂ ಒಂದು ತಗ್ಗಿನ ಕಟ್ಟೆ, ಮೇಲೆ ಶೀಟು, ಅಲ್ಲಿ ಹೆಂಗಸರು. ಕಟ್ಟೆಯ ತುದಿಯಲ್ಲಿ ಹೊರೆಗಲ್ಲು. ಮೆಟ್ಟಿಲು ತೆಗೆದು ತಳ್ಳುಗಾಡಿ ಹತ್ತುವಂಥ ಇಳಿಜಾರು. ಅದುವರೆಗೆ ನಕ್ಷೆಯನ್ನು ಕಚೇರಿಯಲ್ಲಿ ಮಾಡಿ ಜಾಗಕ್ಕೆ ತರುವುದು ನಮ್ಮ ಪದ್ಧತಿ. ಈ ಸಲ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು, ಹೆಂಗಸರನ್ನು ಕೂರಿಸಿ ಏಳಿಸಿ, ಅವರು ಒಪ್ಪಿದ ಮೇಲೆ ಕಾಗದಕ್ಕೆ ಇಳಿಸಿದೆ. ಮೇಲಿನ ಅಂತಸ್ತು ಏನು ಮಾಡುವುದೆಂದು ಬಡಾವಣೆಯವರನ್ನೇ ಕೇಳಿದೆ. ಒಬ್ಬರು ಟೈಪಿಂಗ್ ಕ್ಲಾಸ್ ತೆರೆಯುತ್ತೇನೆ ಎಂದರು, ಹಿರಿಯರು ಪೇಪರ್ ಓದಲು ಜಾಗ ಕೇಳಿದರು, ಸೊಪ್ಪಿನವರು ಮಕ್ಕಳನ್ನು ಬಿಡಲು ಒಂದು ಕೋಣೆ ಕೇಳಿದರು. ಪಾರಿವಾಳಗಳು ಮಾತ್ರ ಏನೂ ಕೇಳದೆ ಜಾಗ ಬಿಟ್ಟವು.

ಹೊರೆಗಲ್ಲಿನ ಎತ್ತರದಲ್ಲಿ ಮತ್ತೆ ಎಡವಿದೆ. ನನ್ನ ಭುಜಕ್ಕೆ ಅಳೆದು ಹೇಳಿದೆ. "ಸಾಮಿ, ಒರೋರು ನಾವು" ಎಂದಳು ಪಿಳ್ಳಮ್ಮ. ಅಳತೆ ಪಟ್ಟಿ ಹುಡುಕುವಷ್ಟರಲ್ಲಿ ಬಷೀರ್ ಸಾಬರು ಕೊರಳಿನ ಟೇಪು ತೆಗೆದು ಕೊಟ್ಟರು. ಹೆಂಗಸರು ಒಬ್ಬರನ್ನೊಬ್ಬರು ಅಳೆದುಕೊಂಡರು, ಉದ್ದ ಗಿಡ್ಡ ಎಂದು ಜಗಳವಾಡಿದರು, ಕೊನೆಗೆ ಪಿಳ್ಳಮ್ಮನ ಭುಜಕ್ಕೆ ಎಲ್ಲರೂ ಒಪ್ಪಿದರು. "ಮೂವತ್ತು ವರ್ಷದಿಂದ ಅಳತೆ ತಗೋತಿದೀನಿ ಸಾರ್. ಕಲ್ಲಿಗೆ ಜಾಕೆಟ್ ಹೊಲಿಯೋಕೆ ಇದೇ ಮೊದಲು" ಎಂದರು ಬಷೀರ್.

ಕಂಬಗಳಿಗೆ ಬೇಲಿಕಲ್ಲು ಸಿಕ್ಕಿತು. ಚಪ್ಪಡಿ ಇರಲಿಲ್ಲ. ಕಾಂಕ್ರೀಟಿನದು ಹಾಕಿಸಿ ನೋಡಿದೆ. ಒದ್ದೆ ಬುಟ್ಟಿ ಅದರ ಮೇಲೆ ಜಾರಿ ಒಬ್ಬಾಕೆಯ ಕಾಲ ಮೇಲೆ ಬಿತ್ತು. ಪಿಳ್ಳಮ್ಮ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

"ನಮ್ ಕಲ್ಲು ಎಲ್ಲೋಯ್ತು ಸಾಮಿ? ಒಡ್ದಾಕುದ್ರಾ?"

ಆ ಪ್ರಶ್ನೆಗೆ ನಾನು ಇಷ್ಟು ವರ್ಷ ಹೆದರಿದ್ದೆ. ಕಲ್ಲು ಅವಳ ಬೆನ್ನ ಹಿಂದೆಯೇ ಗೋಡೆಯಲ್ಲಿತ್ತು. ಬೆರಳು ತೋರಿಸಿದೆ. ಅವಳು ಹತ್ತಿರ ಹೋಗಿ ಅಂಚು ಸವರಿದಳು. "ಅಯ್ಯೋ, ಇದೇಯಾ! ದಿನಾ ಇದ್ರ ಮುಂದ್ಲಿಂದ್ಲೇ ಓಗ್ತಿದ್ದೆ" ಎಂದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬೈಯಲಿಲ್ಲ.

ಒಡೆಯಬೇಕಾದ ಗೋಡೆ ಅದೇ. ಆದರೆ ಮಂತ್ರಿಗಳ ಹೆಸರಿನ ಫಲಕ ಕೀಳುವುದೆಂದರೆ ಆಗಿನ ಕಾಲದಲ್ಲಿ ಹುಡುಗಾಟವಲ್ಲ. ಕೆಲಸ ಹೋಗದಿದ್ದರೂ ರಾಯಚೂರಿಗೋ ಬೀದರಿಗೋ ಹೋಗಬಹುದು. ಕೇಶವಮೂರ್ತಿಯವರ ಮುಂದೆ ಹೋಗಿ ಎಲ್ಲ ಹೇಳಿದೆ, ಕಲ್ಲಿನ ಮೂಲವನ್ನೂ ಸೇರಿಸಿ.

"ಅದರಲ್ಲಿ ನನ್ನ ಹೆಸರೂ ಇದೆ ಕಣ್ರೀ" ಎಂದರು.

"ನಂದೂ ಐತ್ರಿ ಸರ್."

"ನಿಮ್ಮದಾ? ಎಲ್ಲಿ?"

"ಕೆಳಗ. ಸಣ್ಣದಾಗಿ."

ಅವರಿಗೆ ಅದು ಅವತ್ತೇ ಗೊತ್ತಾಗಿದ್ದು. ಬಾಗಿಲ ಬಳಿ ಹೋಗಿ ಬಂದರು. ಆಮೇಲೆ ಕೈಯಲ್ಲಿದ್ದ ಕೆಂಪು ಪೆನ್ಸಿಲ್ ಬಿಟ್ಟು ಶಾಯಿಯ ಪೆನ್ನು ತೆಗೆದು ಬರೆದರು: "ಗೋಡೆ ತೆರವಿನ ನಂತರ ಫಲಕವನ್ನು ಅದೇ ಆವರಣದಲ್ಲಿ, ಸಾರ್ವಜನಿಕರಿಗೆ ಉಪಯುಕ್ತವಾಗುವ ರೀತಿಯಲ್ಲಿ ಮರುಸ್ಥಾಪಿಸುವುದು." ಸಹಿ ಹಾಕಿ ನನ್ನ ಕಡೆ ತಳ್ಳಿದರು. "ಮರುಸ್ಥಾಪಿಸಿ ಅಂದಿದೀನಿ. ನೆಟ್ಟಗೆ ನಿಲ್ಲಿಸಿ ಅಂತ ಎಲ್ಲೂ ಅಂದಿಲ್ಲ." ನಾನು ಕಂಡ ಮೇಲಧಿಕಾರಿಗಳಲ್ಲಿ ಕೈಮುಗಿಯಬೇಕೆನ್ನಿಸಿದವರು ಅವರೊಬ್ಬರೇ.

ಕಲ್ಲು ಕೂರಿಸುವಾಗ ಅಕ್ಷರ ಕೆಳಗಿರಲಿ, ಮರ್ಯಾದೆ ಉಳಿಯುತ್ತದೆ ಎಂದೆ. ಪಿಳ್ಳಮ್ಮ ಅಂಗೈಯಿಂದ ಎರಡೂ ಮೈ ಸವರಿ ನೋಡಿ, "ಅಕ್ಸರ ಮೇಲಿರ್ಲಿ ಸಾಮಿ. ತರಕಲಾಗೈತೆ, ಬುಟ್ಟಿ ಜಾರಾಕಿಲ್ಲ" ಎಂದಳು. ಹಾಗೇ ಕೂರಿಸಿದೆವು.

ಮೂರು ತಿಂಗಳು ತುಂಬುವ ಹೊತ್ತಿಗೆ ರಸ್ತೆ ಕಡೆಯ ಅಂಗಡಿಗಳೆಲ್ಲ ಬಾಡಿಗೆಗೆ ಹೋಗಿದ್ದವು. ಸೊಪ್ಪು ಕೊಳ್ಳಲು ಬಂದವರು ಉಪ್ಪು ಬೇಳೆಗೂ ನಿಂತರು, ಬೇಳೆಗೆ ಬಂದವರು ಬಷೀರ್ ಸಾಬರಿಗೆ ಬಟ್ಟೆ ಕೊಟ್ಟರು. ಒಳಗಿನ ಒಂದೆರಡು ಅಂಗಡಿ ನಾನು ನಿವೃತ್ತನಾಗುವವರೆಗೂ ತುಂಬಲಿಲ್ಲ, ಅದನ್ನೂ ಹೇಳಬೇಕು. ಹರಾಜಿನ ಫೈಲನ್ನು ಕೇಶವಮೂರ್ತಿಯವರು ಮುಚ್ಚಿದರು.

ಆದರೆ ಮಾಲಿನ ಹುಡುಗಿಗೆ ನಾನು ಹೇಳಬೇಕಾಗಿರುವುದು ಕಲ್ಲು ಕೂರಿಸಿದ ಮಾರನೇ ಬೆಳಗ್ಗೆಯ ಸಂಗತಿ. ನಾನು ಬೇಗ ಹೋಗಿ ಕಟ್ಟೆಯ ಮೇಲೆ ಕೂತಿದ್ದೆ. ಮೊದಲು ಬಂದವಳು ಪಿಳ್ಳಮ್ಮ, ಒಬ್ಬಳೇ, ತಲೆಯ ಮೇಲೆ ಬುಟ್ಟಿ. ಕಲ್ಲಿನ ಮುಂದೆ ನಿಂತು ಕೇಳಿದಳು.

"ಇದ್ರಾಗೆ ಏನೇನ್ ಬರ್ದೈತೆ ಸಾಮಿ?"

ಮಂತ್ರಿಗಳ ಹೆಸರು ಓದಿದೆ. ದೊಡ್ಡ ಅಧಿಕಾರಿಗಳದು ಓದಿದೆ. ಕೇಶವಮೂರ್ತಿಯವರದು ಓದಿದೆ. ನಿಲ್ಲಿಸಿದೆ.

"ಕೆಳೀಕೆ ಇನ್ನೊಂದೈತಲ್ಲ. ಸಣ್ದು. ಅದು ಯಾರ್‍ದು?"

"ಈ ಕಲ್ಲು ಕಿತ್ತವನದು, ಯವ್ವಾ."

ಅವಳು ನನ್ನನ್ನೂ ನೋಡಿದಳು, ಅಕ್ಷರವನ್ನೂ ನೋಡಿದಳು. "ಅಂಗಾರೆ ಇರ್ಲಿ ಬುಡಿ" ಎಂದಳು. ಆಮೇಲೆ ಕಲ್ಲಿನ ಪಕ್ಕಕ್ಕೆ ಸರಿದಳು. ನಾನು ಎದ್ದು ಬುಟ್ಟಿ ಹಿಡಿಯಲು ಎರಡೂ ಕೈ ಚಾಚಿದೆ.

"ಕುಂತ್ಕಳಿ ಸಾಮಿ" ಎಂದಳು, "ಕಲ್ಲೈತಲ್ಲ."

ಕತ್ತು ಒಂದಿಷ್ಟು ವಾಲಿಸಿ, ಯಾರ ಕೈಯೂ ಇಲ್ಲದೆ, ಬುಟ್ಟಿಯನ್ನು ನನ್ನ ಹೆಸರಿನ ಮೇಲೆ ಇಳಿಸಿದಳು.